ನನ್ನ ಹೆಸರಿನಲ್ಲಿ ಆಡಿದವಳು

ಕಳೆದ ಶನಿವಾರ ಅಣ್ಣನ ಮಗಳು ಹೊಸ ಜೆರ್ಸಿಯ ಪ್ಲಾಸ್ಟಿಕ್ ಕವರನ್ನು ನನ್ನ ಮುಂದೆಯೇ ಹರಿದಳು. ಗಪ್ಪನೆ ಮೂಗಿಗೆ ಬಂತು ಆ ವಾಸನೆ. ರಬ್ಬರು, ಬಣ್ಣ, ಒಂದಿಷ್ಟು ಸೀಮೆಎಣ್ಣೆ ಕಲಸಿದ ಹಾಗೆ. ಬೆನ್ನಿಗೆ ಅಂಕಿ ಒತ್ತಿದ ಹೊಸ ಜೆರ್ಸಿಗಳೆಲ್ಲ ಹೀಗೇ ನಾರುತ್ತವೆ. "ಅತ್ತೆ, ನಾಳೆ ಮ್ಯಾಚ್ ಐತೆ, ನೀನು ಬರ್ಲೇಬೇಕು" ಎಂದು ಅವಳು ಒಂದೇ ಸಮ ಗೋಗರೆಯುತ್ತಿದ್ದಳು. ನಾನು ಹೂಂ ಅಂದೆನೋ ಇಲ್ಲವೋ ನೆನಪಿಲ್ಲ. ಹಿಂದೊಮ್ಮೆ ಇದೇ ವಾಸನೆಯ ಜೆರ್ಸಿಯನ್ನು ನನ್ನ ಮೈಮೇಲಿಂದ ಬಿಚ್ಚಿಸಿ ಇನ್ನೊಬ್ಬಳಿಗೆ ತೊಡಿಸಿದ್ದರು. ಆ ಇನ್ನೊಬ್ಬಳು ನೆನಪಾದಳು...

ಆಗ ನಾನು ಶಿಕಾರಿಪುರದಲ್ಲಿ ಎಂಟನೇ ತರಗತಿ ಓದುತ್ತಿದ್ದೆ. ನಮ್ಮ ಶಾಲೆಯಲ್ಲಿ ಹುಡುಗಿಯರ ಫುಟ್‌ಬಾಲ್ ತಂಡವಿತ್ತು. ಅದನ್ನು ಕಟ್ಟಿದವರು ನಮ್ಮ ಪಿ.ಟಿ. ಸರ್. ಅವರದು ಒಂದೇ ಕಾನೂನು, ಬೆಳಿಗ್ಗೆ ಅಭ್ಯಾಸಕ್ಕೆ ಬಂದವರೆಲ್ಲ ಆಡಬೇಕು. ಅವರು ಗಡಿಯಾರ ನೋಡಿ ಸೀಟಿ ಊದಿದರೆ ಎಂಥ ಜಾಣೆಯೂ ಹೊರಗೆ ಬರಬೇಕು, ಹೊರಗಿದ್ದವಳು ಒಳಗೆ ಹೋಗಬೇಕು. ನಾನೇನು ಮಹಾ ಆಟಗಾರ್ತಿಯಲ್ಲ. ಚೆಂಡು ನನ್ನ ಕಾಲಿಗೆ ಸಿಕ್ಕರೆ ಅದು ಎತ್ತ ಹೋಗುತ್ತದೆಂದು ನನಗೇ ಗೊತ್ತಾಗುತ್ತಿರಲಿಲ್ಲ. ಆದರೂ ಆ ಕಾನೂನಿನ ದೆಸೆಯಿಂದ ನಾನೂ ಆಡುತ್ತಿದ್ದೆ, ಒಂದು ದಿನವೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಆ ವರ್ಷ ನಮ್ಮೂರ ಮೈದಾನದಲ್ಲೇ ಟೂರ್ನಮೆಂಟ್ ನಡೆದು, ನಾವು ಹೇಗೋ ಫೈನಲ್ ಮುಟ್ಟಿದೆವು. ಪಿ.ಟಿ. ಸರ್ ತಲೆಗೆ ಏನು ಹೊಕ್ಕಿತೋ ಕಾಣೆ. ಫೈನಲ್ ದಿನ ಬೆಳಿಗ್ಗೆ ಅವರ ಬೈಕಿನ ಹಿಂದೆ ಕೂತು ಒಬ್ಬ ಹುಡುಗಿ ಬಂದಳು. ಸಣಕಲು ಮೈ, ಬಿಗಿಯಾಗಿ ಹೆಣೆದ ಎರಡು ಜಡೆ, ಬರಿಗಾಲು. ನಮ್ಮ ಶಾಲೆಯವಳಲ್ಲ. ಅಂಜನಾಪುರದ ಡ್ಯಾಮಿನ ಹತ್ತಿರದ ಬಯಲಲ್ಲಿ ಗಂಡುಹುಡುಗರ ಜೊತೆ ಆಡುತ್ತಿದ್ದಳಂತೆ, ಸರ್ ನೋಡಿ ಕರೆದುಕೊಂಡು ಬಂದಿದ್ದರು.

"ಸವಿತಾ, ನಿನ್ ಜೆರ್ಸಿ ಬಿಚ್ಚಿ ಇವಳಿಗೆ ಕೊಡು. ಬೂಟೂ ಕೊಡು."

"ಯಾಕ್ ಸರ್?"

"ಮನೆಗೆ ನೆಂಟ್ರು ಬಂದ್ರೆ ಮೊದ್ಲು ಅವ್ರಿಗೆ ಬಡಿಸ್ತೀವೋ ಇಲ್ಲೋ? ಮನೇರು ಆಮೇಲೆ ಉಣ್ತಾರೆ. ಹಂಗೇ ತಿಳ್ಕ."

ಇಷ್ಟೇ ಆಗಿದ್ದರೆ ಅತ್ತು ಸುಮ್ಮನಾಗುತ್ತಿದ್ದೆನೇನೋ. ಸರ್ ದನಿ ಇಳಿಸಿ ಇನ್ನೊಂದು ಮಾತು ಹೇಳಿದರು: "ಯಾರಾದ್ರೂ ಕೇಳಿದ್ರೆ ಇವತ್ತು ಸವಿತಾ ಅಂದ್ರೆ ಇವಳೇ. ಹೆಸ್ರೆಲ್ಲ ಮೊದ್ಲೇ ಕೊಟ್ಟಾಗೈತೆ, ಹೊಸಬ್ರನ್ನ ಸೇರ್ಸಂಗಿಲ್ಲ."

ಜೆರ್ಸಿ ಕೊಡಬಹುದು, ಬೂಟು ಕೊಡಬಹುದು. ಹೆಸರು ಕೊಡುವುದು ಅಂತ ಒಂದು ಉಂಟೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ! ಗೆಳತಿಯರೆಲ್ಲ ನೆಲ ನೋಡುತ್ತಿದ್ದರು. ಮರದ ಮರೆಗೆ ಹೋಗಿ ಬಟ್ಟೆ ಬದಲಿಸಿ ತಂದುಕೊಟ್ಟೆ. ಅವಳು ಜೆರ್ಸಿಯನ್ನು ಎರಡೂ ಕೈಯಲ್ಲಿ ಈಸಿಕೊಂಡು, "ಬೆವ್ರು ಆಗ್ತದೆ... ತೊಳ್ದು ಕೊಡ್ತೀನಿ" ಎಂದಳು. ಮುಖಕ್ಕೆ ಉಗಿಯಬೇಕು ಅನ್ನಿಸಿತ್ತು ನನಗೆ. ಆ ಮಾತು ಕೇಳಿ ಬೂಟನ್ನೂ ಅವಳ ಕಾಲ ಬಳಿ ಇಟ್ಟೆ.

ಆಟ ಶುರುವಾಯಿತು. ನೀರಿನ ಕ್ಯಾನಿನ ಪಕ್ಕ ಬರಿಗಾಲಲ್ಲಿ ಕೂತು ನೋಡಿದೆ. ಏನು ಆಡಿದಳು ಅಂತೀರಿ! ನನ್ನ ಕಾಲಿಗೆ ಸಿಕ್ಕರೆ ದಿಕ್ಕಾಪಾಲಾಗುತ್ತಿದ್ದ ಚೆಂಡು ಅವಳ ಕಾಲನ್ನು ಬಿಟ್ಟು ಹೋಗಲೇ ಒಲ್ಲದು, ಸಾಕಿದ ಬೆಕ್ಕಿನ ಹಾಗೆ ಹಿಂದೆ ಮುಂದೆ ಸುತ್ತುತ್ತಿತ್ತು. ಹೊಟ್ಟೆ ಉರಿಯುತ್ತಿದ್ದರೂ ಕಣ್ಣು ಕೀಳಲಾಗಲಿಲ್ಲ.

ಅರ್ಧ ಆಟ ಮುಗಿದಾಗ ಬಂದು ನನ್ನ ಪಕ್ಕದಲ್ಲೇ ಕುಸಿದು ಕೂತಳು. ನೀರು ಕುಡಿದು, "ನಿನ್ನ ಹೆಸ್ರು ಕರ್ದ್ರೆ ತಿರುಗ್ಬೇಕು ಅನ್ನೋದೇ ಮರ್ತು ಹೋಗ್ತದೆ ಮಾರಾಯ್ತಿ" ಎಂದು ನಕ್ಕಳು. ಬೇಡ ಬೇಡ ಎಂದರೂ ನನಗೂ ನಗು ಬಂತು. ಅವಳ ಊರು ಉಳವಿಯಂತೆ. ಅಂಜನಾಪುರದಲ್ಲಿ ಚಿಕ್ಕಮ್ಮನ ಮನೆಗೆ ಬಂದಿದ್ದಳು. ಯಾವ ಶಾಲೆ ಎಂದು ಕೇಳಿದೆ. ಅಷ್ಟರಲ್ಲಿ ಸೀಟಿ ಊದಿದರು, ಎದ್ದು ಓಡಿದಳು.

ಮುಗಿಯುವ ಹೊತ್ತಿಗೆ ಅವಳು ಗೋಲು ಹೊಡೆದಳು. ಮೈಕಿನವನು ಗಂಟಲು ಹರಿದುಕೊಂಡು, "ಗೋಲ್! ಸವಿತಾ... ಸವಿತಾ!" ಎಂದು ಕೂಗಿದ. ಹುಟ್ಟಿದ ಮೇಲೆ ಮೊದಲ ಸಲ ನನ್ನ ಹೆಸರನ್ನು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು, ನಾನು ನೀರಿನ ಕ್ಯಾನು ಹಿಡಿದು ಕೂತಿದ್ದೆ. ಆ ಗೋಲಿನಿಂದ ಕಪ್ ನಮ್ಮದಾಯಿತು, ಜನ ಎದ್ದು ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ.

ಅಪ್ಪನ ಪಂಕ್ಚರ್ ಅಂಗಡಿ ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿತ್ತು. ಮೈಕಿನ ಸದ್ದು ಅಲ್ಲಿಗೂ ಕೇಳಿಸಿದೆ! ಸಂಜೆ ಕೈಯಲ್ಲಿ ಪೇಡದ ಪೊಟ್ಟಣ ಹಿಡಿದು, ಮುಖ ಅರಳಿಸಿಕೊಂಡು ಬಂದ. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಹಂಚಿ ಪೊಟ್ಟಣ ಅರ್ಧವಾಗಿತ್ತು. "ಅಪ್ಪಾ, ಗೋಲ್ ಹೊಡ್ದಿದ್ದು ನಾನಲ್ಲ" ಎಂದೆ. ಅವನು ಬಿದ್ದು ಬಿದ್ದು ನಕ್ಕ. ಅಮ್ಮನನ್ನು ಕರೆದು, "ನೋಡೇ, ಎಷ್ಟ್ ನಾಚ್ಕೆ ಇವಳ್ಗೆ!" ಎಂದ. ಮತ್ತೆ ಹೇಳಿದೆ, ಅತ್ತುಕೊಂಡು ಹೇಳಿದೆ. "ಮೈಕ್‌ನಾಗ್ ಹೇಳಿದ್ದು ಸುಳ್ಳೇನವ್ವಾ?" ಎಂದು ಕೇಳಿ ನನ್ನ ಬಾಯಿಗೇ ಪೇಡ ತುರುಕಿದ. ಮೈಕಿನ ಮುಂದೆ ನನ್ನ ಮಾತು ಎಲ್ಲಿ ನಡೆಯಬೇಕು?

ವಾರ ಕಳೆಯುವುದರೊಳಗೆ ಶಾಲೆಗೆ ಫೋನು ಬಂತು. ಶಿವಮೊಗ್ಗದಲ್ಲಿ ಖಾಸಗಿಯವರ ಒಂದು ಕ್ರೀಡಾ ಹಾಸ್ಟೆಲ್ ಇತ್ತು. ಅಲ್ಲೇ ಇರಿಸಿಕೊಂಡು, ಊಟ ಹಾಕಿ, ಓದಿಸಿ ಆಟ ಕಲಿಸುತ್ತಿದ್ದರು. ಅಲ್ಲಿಗೆ ಹುಡುಗಿಯರನ್ನು ಆರಿಸುವ ತರಬೇತುದಾರರೊಬ್ಬರು ನಮ್ಮ ಫೈನಲ್ ನೋಡಿ ಹೋಗಿದ್ದರಂತೆ. "ಸವಿತಾ ಅನ್ನೋ ಹುಡುಗೀನ ಕಳಿಸಿ" ಎಂದು ಕೇಳಿದ್ದರು. ನಿಜ ಹೇಳಿದರೆ ಕಪ್ ವಾಪಸ್ ಹೋಗುತ್ತದಲ್ಲ, ಪಿ.ಟಿ. ಸರ್ ನನ್ನನ್ನು ಮೂಲೆಗೆ ಕರೆದು, "ಹೋಗಿ ಬಂದ್ಬಿಡು, ಹುಷಾರಿಲ್ದಂಗೆ ಸುಮ್ನೆ ನಿಂತ್ಕ" ಎಂದರು. ನಂಬುತ್ತೀರಾ? ಮೇಷ್ಟ್ರು ಹೇಳಿದ ಮಾತಿದು!

ಅಪ್ಪ ಇಸ್ತ್ರಿ ಅಂಗಿ ತೊಟ್ಟು ನನ್ನ ಜೊತೆ ಹೊರಟ. ಬಸ್ಸಿನಲ್ಲೂ ಹೇಳಿದೆ, ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಮೈದಾನದಲ್ಲಿ ಆ ತರಬೇತುದಾರರು ನನ್ನನ್ನು ಕಂಡವರೇ ಹುಬ್ಬು ಗಂಟಿಕ್ಕಿ, "ಇವಳಲ್ಲ" ಎಂದರು.

"ಹೌದು ಸರ್, ನಾನಲ್ಲ. ಅವಳು ಬೇರೆ. ನನ್ನ ಹೆಸರಲ್ಲಿ ಆಡಿದ್ಲು" ಎಂದೆ.

ಅವರು ದಂಗಾಗಿ ನನ್ನನ್ನೂ ಅಪ್ಪನನ್ನೂ ನೋಡಿದರು. ಅಪ್ಪನ ಮುಖ ಮಾತ್ರ ನೋಡುವ ಹಾಗಿರಲಿಲ್ಲ. ಪೇಡ ತಿಂದವರೆಲ್ಲ ಒಟ್ಟಿಗೆ ಅವನ ಕಣ್ಣ ಮುಂದೆ ಬಂದಿರಬೇಕು. ಆದರೂ ಅವನೇ ಕೇಳಿದ: "ಆ ಹುಡುಗೀನ ಕರ್ಕಂಬಂದ್ರೆ ತಗಂತೀರೇನ್ರೀ?"

"ಖಂಡಿತ ತಗೋತೀನಿ. ಸೋಮವಾರ ಕೊನೆ ದಿನ. ನಾನೇ ಇರ್ತೀನಿ, ಕರ್ಕೊಂಡು ಬನ್ನಿ" ಎಂದು ತಮ್ಮ ಫೋನ್ ನಂಬರನ್ನೂ ಕೊಟ್ಟರು.

ಭಾನುವಾರ ಅಪ್ಪ ಅಂಗಡಿ ಬಾಗಿಲು ಹಾಕಿ ನನ್ನನ್ನು ಉಳವಿಗೆ ಕರೆದುಕೊಂಡು ಹೊರಟ. ಶಿರಾಳಕೊಪ್ಪ, ಸೊರಬ, ಅಲ್ಲಿಂದ ಇನ್ನೊಂದು ಬಸ್ಸು. ಬಸ್ಸು ಇಳಿದು, ಚೆಂಡು ಆಡುವ ಹುಡುಗಿ ಯಾರೆಂದು ಅಲ್ಲಿದ್ದ ಹುಡುಗರನ್ನು ಕೇಳಿದೆವು.

"ಯಾರು, ಸವಿತಾನಾ?" ಎಂದ ಒಬ್ಬ.

ಅವಳು ಊರಿಗೆ ಬಂದು ಕಥೆಯೆಲ್ಲ ಹೇಳಿದ್ದಳಂತೆ. ಅಂದಿನಿಂದ ಎಲ್ಲರೂ ಅವಳನ್ನು ಸವಿತಾ ಸವಿತಾ ಎಂದೇ ಕಾಡಿಸುತ್ತಿದ್ದರು.

ಮನೆಯಲ್ಲಿ ಅವಳು ಪುಟ್ಟ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದಳು. ನನ್ನ ಕಂಡವಳೇ ಒಳಗೆ ಓಡಿ ಒಂದು ಜೊತೆ ಬೂಟಿನ ದಾರ ತಂದಳು. ಅವತ್ತು ಬೂಟು ಬಿಚ್ಚಿಕೊಡುವ ಗಡಿಬಿಡಿಯಲ್ಲಿ ತನ್ನ ಹತ್ತಿರವೇ ಉಳಿದುಬಿಟ್ಟಿದ್ದವಂತೆ. ನಾವು ಅದಕ್ಕೇ ಬಂದಿದ್ದೇವೆ ಅಂದುಕೊಂಡಿದ್ದಳು! ಅವಳ ತಾಯಿ ಗದ್ದೆ ಕೆಲಸದಿಂದ ಆಗ ತಾನೇ ಬಂದು ಕಾಲು ತೊಳೆಯುತ್ತಿದ್ದರು. ಅಪ್ಪ ವಿಷಯ ಹೇಳಿದ. ಯಾವ ಶಾಲೆ ಎಂದು ಕೇಳಿದ್ದಕ್ಕೆ ತಾಯಿ ಹೇಳಿದರು, "ಶಾಲೆ ಎಂತದು ಮಾರಾಯ್ರೆ, ಏಳನೇ ಕ್ಲಾಸಿಗೇ ಬಿಡಿಸಿದೀನಿ. ಈ ಕೂಸನ್ನ ನೋಡ್ಕೊಳೋರು ಯಾರು?"

ಅಲ್ಲಿಯವರೆಗೆ ನಾನು ಅವಳನ್ನು ಇನ್ನಾವುದೋ ಶಾಲೆಯ ಚಾಂಪಿಯನ್ ಅಂದುಕೊಂಡಿದ್ದೆ. ಅವಳಿಗೆ ಶಾಲೆಯೇ ಇರಲಿಲ್ಲ. ಶಾಲೆಯಿಲ್ಲದವಳನ್ನು ಯಾವ ಪಂದ್ಯಕ್ಕೂ ಸೇರಿಸುತ್ತಿರಲಿಲ್ಲ. ಆಡಬೇಕೆಂದರೆ ಅವಳಿಗೆ ಯಾರದಾದರೂ ಹೆಸರು ಬೇಕೇ ಬೇಕಿತ್ತು. ಜೆರ್ಸಿ ಬಿಚ್ಚಿಕೊಟ್ಟ ಸಿಟ್ಟೆಲ್ಲ ಎತ್ತ ಹೋಯಿತೋ... ಅವಳು ತಮ್ಮನನ್ನು ಇಳಿಸದೆ ತಾಯಿಯ ಬಾಯನ್ನೇ ನೋಡುತ್ತಿದ್ದಳು. ಕೊನೆಗೆ ತಾಯಿ, "ಅಲ್ಲೇ ಓದ್ಸಿ ಊಟ ಹಾಕ್ತಾರೆ ಅಂದ್ರೆ ಹೋಗ್ಲಿ ಬಿಡಿ. ಇದನ್ನ ನಾನು ಗದ್ದೆ ಬದುವಿಗೇ ಕರ್ಕೊಂಡು ಹೋಗ್ತೀನಿ" ಎಂದರು. ಅವಳು ತಮ್ಮನ ಹೊಟ್ಟೆಗೆ ಮುಖ ಒತ್ತಿಕೊಂಡು ನಕ್ಕಳು. ಮರುದಿನ ಅವಳ ಮಾವ ಶಿವಮೊಗ್ಗಕ್ಕೆ ಕರೆದೊಯ್ಯುವುದೆಂದು ಮಾತಾಯಿತು.

ಅವಳ ನಿಜವಾದ ಹೆಸರನ್ನು ಅಂದು ತಾಯಿಯ ಬಾಯಲ್ಲಿ ಕೇಳಿದೆ. ಇಲ್ಲಿ ಬರೆಯುವುದಿಲ್ಲ. ಕೇಳದೆ ಹೆಸರು ಬಳಸುವುದನ್ನು ಒಮ್ಮೆ ನೋಡಿ ಸಾಕಾಗಿದೆ.

ಸೋಮವಾರ ಸಂಜೆ ನಾನು ಅಪ್ಪನ ಅಂಗಡಿಯಲ್ಲಿದ್ದೆ. ಶಿವಮೊಗ್ಗದ ಬಸ್ಸಿನಿಂದ ಅವಳೂ ಅವಳ ಮಾವನೂ ಇಳಿದರು. ಸಾಗರದ ಮೇಲೆ ನೇರ ಊರಿಗೆ ಹೋಗಬಹುದಿತ್ತು, ಅಪ್ಪನಿಗೆ ಹೇಳಿಯೇ ಹೋಗಬೇಕೆಂದು ಸುತ್ತು ಹಾಕಿ ಬಂದಿದ್ದರು. ಅಪ್ಪ ಕೈಯಲ್ಲಿದ್ದ ಟ್ಯೂಬು ಬಿಟ್ಟು ಎದ್ದ. "ಏನಾತು?" ಎಂದ.

"ಒಳಗೇ ಬಿಡ್ಲಿಲ್ರೀ" ಎಂದರು ಮಾವ. "ಗೇಟಲ್ಲಿ ಹೆಸ್ರು ಕೇಳಿದ್ರು. ಇವಳು ಸವಿತಾ ಅಂದ್ಲು. ಆ ಸವಿತಾ ಆಗ್ಲೇ ಬಂದು ಹೋಗ್ಯಾಳೆ, ಅವಳದ್ದು ಆಗ್ಲಿಲ್ಲ, ನಡೀರಿ ಅಂದ್ರು. ಮಧ್ಯಾಹ್ನದ ತನಕ ಹೊರಗೇ ಕೂತಿದ್ವಿ."

ಅಪ್ಪ ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ ನನ್ನ ಬುದ್ಧಿಗಿಷ್ಟು! ಫೋನ್ ನಂಬರ್ ಕೊಟ್ಟು ಕಳಿಸ್ಬೇಕಿತ್ತು" ಎನ್ನುತ್ತ ಅಲ್ಲೇ ತರಬೇತುದಾರರಿಗೆ ಫೋನು ಮಾಡಿದ. ಅವರ ದನಿ ನನಗೂ ಕೇಳಿಸಿತು. "ನಾನು ಒಳಗೇ ಇದ್ದೆ ಕಣ್ರೀ, ಸಂಜೆವರೆಗೂ ಅವಳಿಗೇ ಕಾದೆ. ಬರ್ಲಿಲ್ಲ ಅಂತ ಬೇರೆಯವರನ್ನ ಹಾಕಿ ಪಟ್ಟಿ ಕಳಿಸಿಬಿಟ್ಟೆ." ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು.

ಅವರು ಒಳಗೆ, ಇವಳು ಹೊರಗೆ. ನಡುವೆ ಒಂದು ಗೇಟು, ನನ್ನ ಹೆಸರು! ನನಗೆ ತಡೆಯಲಾಗಲಿಲ್ಲ. ಅವಳ ರಟ್ಟೆ ಹಿಡಿದು ಅಲ್ಲಾಡಿಸಿ, "ನಿನ್ ಹೆಸ್ರು ಹೇಳೋದಲ್ವೇನೇ!" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದೆ.

ಅವಳು ಅಳಲಿಲ್ಲ. "ನನ್ ಹೆಸ್ರು ಅಲ್ಲಿ ಯಾರಿಗ್ ಗೊತ್ತಿತ್ತು?" ಎಂದಳು.

ಅಪ್ಪ ಮರುದಿನ ಶಾಲೆಗೆ ಹೋಗಿ ಪಿ.ಟಿ. ಸರ್ ಮೇಲೆ ಕೂಗಾಡಿದ. ಅವರು ಶಾಂತವಾಗಿ, "ಶಾಲೆ ಬಿಟ್ಟ ಹುಡುಗೀನ ಯಾರ್ ಆಡುಸ್ತಿದ್ರು? ನಾನೊಬ್ಬನೇ ಅಲ್ವೇನ್ರೀ ಆಡ್ಸಿದ್ದು?" ಎಂದರಂತೆ. ಅಪ್ಪ ಅಂಗಡಿಗೆ ಬಂದು ಮತ್ತೆ ಪಂಕ್ಚರ್ ಹಾಕಲು ಕೂತ. ಆ ಮಾತಿಗೆ ಉತ್ತರ ನನಗೆ ಇವತ್ತಿನವರೆಗೆ ಸಿಕ್ಕಿಲ್ಲ, ಸಿಟ್ಟೂ ಇಳಿದಿಲ್ಲ.

ಅವಳನ್ನು ಮತ್ತೆ ನೋಡಲೇ ಇಲ್ಲ. ಕೆಲವು ವರ್ಷಗಳ ಹಿಂದೆ ಉಳವಿಗೆ ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು. ಘಟ್ಟದ ಕೆಳಗೆ ಹೋದರು ಅಂದರು ಒಬ್ಬರು, ಹಾವೇರಿ ಕಡೆ ಅಂದರು ಇನ್ನೊಬ್ಬರು. ಆ ಕಾಲು ಈಗ ಎಲ್ಲಿ ಓಡಾಡುತ್ತಿದೆಯೋ, ಆಮೇಲೆ ಯಾವತ್ತಾದರೂ ಚೆಂಡು ಮುಟ್ಟಿತೋ ಇಲ್ಲವೋ... ಅವಳ ಗೋಲು ಇವತ್ತಿಗೂ ನನ್ನ ಹೆಸರಿನಲ್ಲೇ ಇದೆ. ಹಿಂತಿರುಗಿಸೋಣವೆಂದರೆ ಅವಳೇ ಇಲ್ಲ.

ಮೊನ್ನೆ ಭಾನುವಾರ ಅಣ್ಣನ ಮಗಳ ಮ್ಯಾಚಿಗೆ ಹೋದೆ. ಅವಳು ಮೈದಾನದ ಅಂಚಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಮೈಮೇಲೆ ಆ ಹೊಸ ಜೆರ್ಸಿ ಇರಲಿಲ್ಲ. "ಗೆಸ್ಟ್ ಪ್ಲೇಯರ್ ಬಂದಾಳಂತೆ ಅತ್ತೆ, ಅವಳಿಗ್ ಕೊಡ್ಸಿದ್ರು" ಎಂದಳು. ತುಸು ದೂರದಲ್ಲಿ ಆ ಜೆರ್ಸಿ ತೊಟ್ಟ ಹುಡುಗಿಯೊಬ್ಬಳು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. "ಏನ್ ಪುಟ್ಟಿ ನಿನ್ ಹೆಸ್ರು?" ಎಂದು ಕೇಳಿದೆ.

ಅವಳು, ಯಾವ ಹೆಸರು ಹೇಳಲಿ ಎಂದು ಕೇಳುವವಳ ಹಾಗೆ, ಆಚೆ ನಿಂತಿದ್ದ ಕೋಚಿನ ಮುಖ ನೋಡಿದಳು.