ಟಗರಿನ ಬೆನ್ನ ಮೇಲೆ ಫ್ಯಾಷನ್

ಮೊನ್ನೆ ಭಾನುವಾರ ಊಟ ಮುಗಿಸಿ, ಒಂಬತ್ತನೇ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕೂತಿದ್ದೆ. ನಾನು ಹರಪನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಭಾನುವಾರದ ಊಟ, ಅದರ ಮೇಲೆ ಇಂಗ್ಲಿಷ್ ಪತ್ರಿಕೆ. ನಿದ್ದೆ ಬರದಿದ್ದರೆ ಅದೇ ಆಶ್ಚರ್ಯ. ಆದರೆ ಅವತ್ತು ಒಂದು ವಾಕ್ಯ ನನ್ನ ನಿದ್ದೆಯನ್ನು ಝಾಡಿಸಿ ಓಡಿಸಿತು. 'ಕೆಳಗಿನ ಪದಗಳ ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಿರಿ' ಎಂದು ಐದು ಪದ ಕೊಟ್ಟಿದ್ದೆ. ಅದರಲ್ಲಿ ಒಂದು 'ಫ್ಯಾಷನೆಬಲ್'. ಸುಜಾತ ಎಂಬ ಹುಡುಗಿ ಅರ್ಥ ಸರಿಯಾಗಿಯೇ ಬರೆದು, ಅದರ ಕೆಳಗೆ ದುಂಡನೆಯ ಅಕ್ಷರದಲ್ಲಿ ತನ್ನ ಸ್ವಂತ ವಾಕ್ಯವನ್ನು ಇಟ್ಟಿದ್ದಳು: 'ಅವರ್ ಸರ್ ಈಸ್ ನಾಟ್ ಫ್ಯಾಷನೆಬಲ್.'

ನಮ್ಮ ಸರ್ ಫ್ಯಾಷನೆಬಲ್ ಅಲ್ಲ!

ನಾನು ಎದ್ದು ಹೋಗಿ ಕನ್ನಡಿ ನೋಡಿಕೊಂಡೆ. ಸುಳ್ಳು ಹೇಳಬಾರದು, ಹುಡುಗಿಯ ಮಾತಿನಲ್ಲಿ ತಪ್ಪಿರಲಿಲ್ಲ. ತಲೆಯ ಎಡಗಡೆ ಉಳಿದಿರುವ ನಾಲ್ಕು ಕೂದಲನ್ನು ಬಲಗಡೆಗೆ ಹೊದಿಸಿ ಮರ್ಯಾದೆ ಕಾಪಾಡಿಕೊಳ್ಳುವ ಮನುಷ್ಯ ನಾನು. ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನಿನ ಕಲೆ ಹೋಗಿಯೇ ಇಲ್ಲ. ಆದರೂ ಸಿಟ್ಟು ಬಂತು. ವಾಪಸ್ ಬಂದು, 'ಬೇರೆ ಉದಾಹರಣೆ ಸಿಗಲಿಲ್ಲವೆ?' ಎಂದು ಬರೆದು ಒಂದು ಅಂಕ ಕಡಿಯಬೇಕೆಂದು ಪೆನ್ನು ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು. ಏಕೆಂದರೆ ಇದೇ ಪದದ ಬಳಕೆಗೆ ನಾನು ಉದಾಹರಣೆಯಾದದ್ದು ಇದು ಮೊದಲ ಸಲವಲ್ಲ.

ಇಪ್ಪತ್ತೈದು ವರ್ಷ ಹಿಂದೆ ಹೋಗೋಣ, ಬನ್ನಿ. ನನ್ನೂರು ಮಾಗಳ, ತುಂಗಭದ್ರೆಯ ದಂಡೆ. ನಮ್ಮದು ಕುರಿ ಸಾಕುವ ಮನೆತನ. ನಾನು ಹಡಗಲಿಯಲ್ಲಿ ಪಿಯುಸಿ ಓದಲು ಹೋಗುವ ಹೊತ್ತಿಗೆ ನನ್ನ ಜೊತೆ ಒಂದು ಟ್ರಂಕು, ಒಂದು ಕಂಬಳಿ ಮತ್ತು ಕುರಿಯ ವಾಸನೆ ಹೋಗಿದ್ದವು. ಟ್ರಂಕು, ಕಂಬಳಿ ನನಗೆ ಕಾಣುತ್ತಿದ್ದವು. ವಾಸನೆ ಮಾತ್ರ ನನಗೆ ಗೊತ್ತಾಗುತ್ತಿರಲಿಲ್ಲ, ಉಳಿದವರಿಗೆಲ್ಲ ಗೊತ್ತಾಗುತ್ತಿತ್ತು. ತಲೆಗೆ ಅಂಗೈ ತುಂಬ ಎಣ್ಣೆ ಹಚ್ಚಿ, ಹಣೆಯ ಮೇಲೆ ಇಳಿಯುವಂತೆ ಬಾಚಿ ಶಾಲೆಗೆ ಕಳಿಸುತ್ತಿದ್ದಳು ಅವ್ವ. ಬಾಚುವ ಅದೇ ರೀತಿಯನ್ನು ನಾನು ಕಾಲೇಜಿನಲ್ಲೂ ನಿಷ್ಠೆಯಿಂದ ಮುಂದುವರಿಸಿದ್ದೆ.

ಆ ವರ್ಷ ಹಡಗಲಿಯ ಹುಡುಗರಿಗೆಲ್ಲ ಸ್ಟೆಪ್ ಕಟಿಂಗಿನ ಹುಚ್ಚು. ನೆನಪಿದೆಯೆ ನಿಮಗೆ? ಹಿಂದಲೆಯಲ್ಲಿ ಕೂದಲು ಒಂದರ ಕೆಳಗೊಂದು ಮೆಟ್ಟಿಲಾಗಿ ಇಳಿದು ಬರಬೇಕು. ಎಷ್ಟು ಮೆಟ್ಟಿಲೋ ಅಷ್ಟು ಮರ್ಯಾದೆ. ಬಟ್ಟೆ ಅಂಗಡಿಯವರ ಮಗ ಸುರೇಶ ಹೊಸಪೇಟೆಗೆ ಹೋಗಿ ಮೂರು ಮೆಟ್ಟಿಲು ಮಾಡಿಸಿಕೊಂಡು ಬಂದಿದ್ದ. ಅವನು ಪಾಠಕ್ಕಿಂತ ಹೆಚ್ಚಾಗಿ ತನ್ನ ಹಿಂದಲೆಯನ್ನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಒಂದು ದಿನ ಇಂಗ್ಲಿಷ್ ತರಗತಿಯಲ್ಲಿ ಮೇಷ್ಟ್ರು ಈ ಪದವನ್ನು ಬೋರ್ಡಿನ ಮೇಲೆ ಬರೆದು, "ಅರ್ಥ ಆತಲ್ಲ? ಈಗ ಬಳಕಿ ಹೇಳ್ರಿ. ಒಬ್ಬೊಬ್ಬರು ಒಂದೊಂದು ವಾಕ್ಯ" ಅಂದರು. ಸುರೇಶ ಎದ್ದ. ಕೂದಲು ಸರಿಮಾಡಿಕೊಂಡು ನನ್ನ ಕಡೆ ಕೈ ತೋರಿಸಿ, ಇವನು ಫ್ಯಾಷನೆಬಲ್ ಅಲ್ಲ ಎಂದು ಶುದ್ಧವಾದ ಇಂಗ್ಲಿಷಿನಲ್ಲಿ ಹೇಳಿದ. ತರಗತಿ ಗೊಳ್ಳೆಂದಿತು. ಹುಡುಗಿಯರ ಬೆಂಚಿನ ನಗು ಸ್ವಲ್ಪ ತಡವಾಗಿ ಬಂತು, ಆದರೆ ಬಂತು. "ವಾಕ್ಯ ಕರೆಕ್ಟ್ ಐತಿ" ಎಂದರು ಮೇಷ್ಟ್ರು. ಅವರ ತಪ್ಪೇನೂ ಇಲ್ಲ, ವಾಕ್ಯ ಸರಿಯಾಗಿಯೇ ಇತ್ತು. ಅವತ್ತು ನನಗಾದ ಅವಮಾನವನ್ನು ಈಗ ನಗುತ್ತಾ ಬರೆಯುತ್ತಿದ್ದೇನೆ. ಆಗ ಮಾತ್ರ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತ್ತು.

ದೀಪಾವಳಿ ರಜೆಗೆ ಊರಿಗೆ ಹೋದವನು ಪುಸ್ತಕದ ಚೀಲವನ್ನು ಗೂಟಕ್ಕೆ ನೇತುಹಾಕಿ, "ಇನ್ನ ನಾ ಕಾಲೇಜಿಗೆ ಹೋಗಂಗಿಲ್ಲ. ಮಾವನ ಜೋಡಿ ಕುರಿ ಹಿಂದ ಹೊಕ್ಕೀನಿ" ಅಂದೆ. ಅವ್ವ ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ. ಹೇಳುವುದಾದರೂ ಏನು, ಕೂದಲಿಗಾಗಿ ಓದು ಬಿಡುತ್ತೇನೆ ಎಂದು ಹೇಳಲೆ? ರಜೆಯ ಕೊನೆಯ ದಿನ ಅವ್ವ ಸೋತು, "ಹೋಗು, ನಿಮ್ಮ ಮಾವಗ ಹೇಳು ಹೋಗು. ಅವನ ಎದುರಿಗೆ ನಿಂತು ಹೇಳು ಈ ಮಾತು" ಎಂದು ಹೊಳೆದಂಡೆಗೆ ಅಟ್ಟಿದಳು.

ಮೈಲಾರಿ ಮಾವ ಅವ್ವನ ಅಣ್ಣ. ಹೆಬ್ಬೆಟ್ಟು ಒತ್ತುವವನು, ಆದರೆ ನಾನು ಓದಲೇಬೇಕೆಂದು ಹಟ ಹಿಡಿದು ಹಡಗಲಿಗೆ ಕಳಿಸಿದವನು ಅವನೇ. ಉಣ್ಣೆ ಕತ್ತರಿಸುವುದರಲ್ಲಿ ಹೊಳೆಯ ಈ ದಂಡೆಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ನೀವು ಉಣ್ಣೆ ಕತ್ತರಿಸುವುದನ್ನು ನೋಡಿಲ್ಲವಾದರೆ ಎರಡು ಮಾತು ಹೇಳಬೇಕು. ಮೊದಲು ಕುರಿಗಳನ್ನು ಹೊಳೆಯಲ್ಲಿ ತೊಳೆದು ಬಿಸಿಲಿಗೆ ಬಿಡುತ್ತಾರೆ. ಒಣಗಿದ ಮೇಲೆ ಒಂದೊಂದನ್ನೇ ಕೆಡವಿ, ಕಾಲು ಕಟ್ಟಿ, ಮೊಳದುದ್ದದ ಕತ್ತರಿಯನ್ನು ಚರ್ಮಕ್ಕೆ ತಾಗಿಯೂ ತಾಗದ ಹಾಗೆ ಆಡಿಸುತ್ತಾ ಹೋಗುತ್ತಾರೆ. ಮಾವ ಕತ್ತರಿಸಿದ ಕುರಿ ಎದ್ದು ನಿಂತರೆ ಮೈಮೇಲೆ ಒಂದು ಗೆರೆಯೂ ಕಾಣುತ್ತಿರಲಿಲ್ಲ, ಒನಕೆಯ ಹಾಗೆ ನುಣ್ಣಗಿರುತ್ತಿತ್ತು.

ಮಾವನ ಮುಂದೆ ನನಗೆ ಸುಳ್ಳು ಬರುವುದಿಲ್ಲ. ಎಲ್ಲ ಹೇಳಿಬಿಟ್ಟೆ. ಸುರೇಶ, ವಾಕ್ಯ, ನಗು, ಮೂರು ಮೆಟ್ಟಿಲು. ಮಾವ ಕತ್ತರಿ ಕೆಳಗಿಟ್ಟು ಪೂರಾ ಕೇಳಿಸಿಕೊಂಡ.

"ಏನಂದಿ? ಹಿಂದ ಮೆಟ್ಲ ಮೆಟ್ಲ ಕಾಣಬೇಕಾ?"

"ಹೂಂ ಮಾವ. ಅದಕ್ಕ ಸ್ಟೆಪ್ ಕಟಿಂಗ್ ಅಂತಾರ."

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ ಅಳಿಯ, ಹಂಗ ಮೆಟ್ಲ ಬಿಡಬಾರದು ಅಂತ ನಮ್ಮಪ್ಪ ನನ್ನ ಕೈ ಮ್ಯಾಲ ಬಾರಿಸಿ ಬಾರಿಸಿ ಕಲಿಸ್ಯಾನ. ಹೊಸದಾಗಿ ಕತ್ರಿ ಹಿಡಿದೋರು ಕತ್ತರಿಸಿದ ಕುರಿ ನೋಡಿಲ್ಲೇನು ನೀನು? ಮೈತುಂಬ ಮೆಟ್ಲ ಇರತಾವು. ಅದಾ ಫ್ಯಾಷನ್ನು ಅಂದ್ರ, ನಮ್ಮ ಕುರಿ ಎಲ್ಲಾರಕಿಂತ ಮೊದಲಾ ಫ್ಯಾಷನ್ ಮಾಡ್ಯಾವು ಬಿಡು!"

ಆಮೇಲೆ ನಗು ನಿಲ್ಲಿಸಿ ಕೇಳಿದ: "ಮೆಟ್ಲ ಮಾಡಿಕೊಟ್ರ ನಾಳಿ ಕಾಲೇಜಿಗೆ ಹೊಕ್ಕಿಯೋ ಇಲ್ಲೋ?"

"ಹೊಕ್ಕೀನಿ" ಅಂದೆ. ಊರಿನ ಕ್ಷೌರದವರು ಬೀಗರ ಮದುವೆಗೆ ಹೋಗಿದ್ದರು. ನನಗೆ ಬೇರೆ ದಾರಿ ಇರಲಿಲ್ಲ.

ಆದರೆ ಮಾವನಿಗೆ ಅದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಮೂವತ್ತು ವರ್ಷ ನುಣ್ಣಗೆ ಕತ್ತರಿಸಿದ ಕೈ, ಬೇಕೆಂದು ಕೆಡಿಸು ಎಂದರೆ ಕೇಳಬೇಕಲ್ಲ. "ಮೊದಲು ಟಗರಿನ ಮ್ಯಾಲ ನೋಡೂಣು" ಎಂದು ತನ್ನ ಪ್ರೀತಿಯ ಟಗರನ್ನೇ ಕೆಡವಿದ. ಒಂದು ಮೆಟ್ಟಿಲು ಬಿಡುತ್ತಿದ್ದ, ಅಷ್ಟರಲ್ಲಿ ಕತ್ತರಿ ತಾನೇ ಹಿಂದಕ್ಕೆ ಹೋಗಿ ಅದನ್ನು ಸವರಿಬಿಡುತ್ತಿತ್ತು. "ಛೇ ಛೇ, ಈ ಕೈಗೆ ಬುದ್ಧಿ ಇಲ್ಲ" ಎಂದು ಬೈದುಕೊಂಡು ಮತ್ತೆ ಶುರು. ಕೊನೆಗೂ ಟಗರಿನ ಬೆನ್ನಿನ ಮೇಲೆ ಮೂರು ಮೆಟ್ಟಿಲು ಎದ್ದವು.

ಅಷ್ಟರಲ್ಲಿ ಪಕ್ಕದಲ್ಲಿ ಕತ್ತರಿಸುತ್ತಿದ್ದವರು ಬಂದು ನೋಡಿದರು. ಅವರಲ್ಲಿ ಹಿರಿಯನಾದ ಕರಿಯಪ್ಪ ಬಾಯಿಯ ಮೇಲೆ ಕೈಯಿಟ್ಟುಕೊಂಡು, "ಏನಪಾ ಮೈಲಾರಿ, ಕೈ ನಡುಗಾಕ ಹತ್ಯಾವೇನು? ಇನ್ನ ಕತ್ರಿ ಕೆಳಗಿಡು ಮತ್ತ" ಅಂದ. ಎಲ್ಲರೂ ನಕ್ಕರು. ಹಡಗಲಿಯ ತರಗತಿಯಲ್ಲಿ ನಾನು ಕೇಳಿದ್ದ ನಗುವೇ ಅದು, ಜಾಗ ಬೇರೆ ಅಷ್ಟೆ. ನನಗಾಗಿ ಹೀಗೆ ಮಾಡಿದೆ ಎಂದು ಮಾವ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. "ಹೌದಪ, ವಯಸ್ಸಾತು" ಎಂದು ತಲೆ ತಗ್ಗಿಸಿ ಕತ್ತರಿ ಒರೆಸಿಕೊಂಡ. ಬರೀ ಒಂದು ವಾಕ್ಯಕ್ಕೆ ಕಾಲೇಜು ಬಿಡಲು ಹೊರಟಿದ್ದ ನಾನು ಅವನ ಮುಖ ನೋಡಲಾರದೆ ಹೊಳೆಯ ಕಡೆ ತಿರುಗಿ ನಿಂತೆ. ನಾಚಿಕೆ ಅಂದರೆ ಏನೆಂದು ನಿಜವಾಗಿ ಗೊತ್ತಾದದ್ದು ಆಗಲೇ.

"ಹೂಂ, ಈಗ ನಿನ್ನ ಪಾಳಿ. ಹೊಳ್ಯಾಗ ಮುಣುಗಿ ಬಾ" ಅಂದ ಮಾವ. ಬೆಳಗ್ಗೆ ಸ್ನಾನ ಮಾಡಿದ್ದೇನೆ ಎಂದರೂ ಬಿಡಲಿಲ್ಲ. ತೊಳೆಯದ ತಲೆಗೆ ಅವನ ಕತ್ತರಿ ಹೋಗುವುದಿಲ್ಲವಂತೆ. ಮುಳುಗಿ ಬಂದೆ. ಬಿಸಿಲಿಗೆ ನಿಲ್ಲಿಸಿ ಒಣಗಿಸಿದ. ಆಮೇಲೆ ನನ್ನನ್ನು ಮಂಡಿಗಳ ನಡುವೆ ಕೂರಿಸಿಕೊಂಡು, ಗದ್ದ ಬಿಗಿಹಿಡಿದು, "ಮಿಸುಕಿದ್ರ ಕಾಲು ಕಟ್ಟತೀನಿ ನೋಡು" ಎಂದ. ಕಿವಿಯ ಪಕ್ಕದಲ್ಲಿ ಆ ದೊಡ್ಡ ಕತ್ತರಿ ಕರ್ ಕರ್ ಎನ್ನುವಾಗ ನಾನು ಮೈಲಾರಲಿಂಗನನ್ನು ನೆನೆದಷ್ಟು ಪರೀಕ್ಷೆಯ ದಿನವೂ ನೆನೆದಿರಲಿಲ್ಲ. ಮನೆಗೆ ಓಡಿ ಎರಡು ಕನ್ನಡಿ ಹಿಡಿದು ನೋಡಿದೆ. ಮೂರಲ್ಲ, ನಾಲ್ಕು ಮೆಟ್ಟಿಲು! ಎಣಿಸಬಹುದಾದ, ಬೆರಳಿಟ್ಟು ಹತ್ತಬಹುದಾದ ಮೆಟ್ಟಿಲುಗಳು.

ಮರುದಿನ ಕಾಲೇಜಿನಲ್ಲಿ ತರಗತಿಯ ಬಾಗಿಲ ಕಡೆ ಬೆನ್ನು ಮಾಡಿ, ಬೋರ್ಡಿನ ಹತ್ತಿರ ಏನೋ ಕೆಲಸವಿದ್ದವನಂತೆ ನಿಂತಿದ್ದೆ. ಒಳಗೆ ಬಂದವರೆಲ್ಲ ನನ್ನ ಹಿಂದಲೆಯನ್ನು ದಾಟಿಯೇ ಹೋಗಬೇಕಾಯಿತು. ಸುರೇಶ ಬಂದ. ನಿಂತ. ತನ್ನ ತಲೆ ಮುಟ್ಟಿಕೊಂಡ, ನನ್ನ ತಲೆ ನೋಡಿದ.

"ಯಾವ ಸಲೂನಲೇ?"

"ಮಾಗಳದಾಗ" ಅಂದೆ.

"ಮಾಗಳದಾಗ ಸಲೂನ್ ಎಲ್ಲೈತಿ?"

"ಹೊಳಿದಂಡಿ ಮ್ಯಾಲ ಐತಿ. ಭಾನುವಾರ ಬಾ."

ನಂಬುತ್ತೀರೋ ಇಲ್ಲವೋ, ಮುಂದಿನ ಭಾನುವಾರ ಹಡಗಲಿಯಿಂದ ಐದು ಸೈಕಲ್ಲು ಬಂದವು. ಮಾವ ಒಬ್ಬರಿಗೂ ರಿಯಾಯಿತಿ ತೋರಿಸಲಿಲ್ಲ. ಬಟ್ಟೆ ಅಂಗಡಿಯ ಸುರೇಶ ಮೊದಲುಗೊಂಡು ಐದೂ ಜನ ಕುರಿಗಳ ಸಂಗಡ ಹೊಳೆಯಲ್ಲಿ ಮುಳುಗಿ ಎದ್ದರು, ದಂಡೆಯ ಮೇಲೆ ಸಾಲಾಗಿ ಕೂತು ಒಣಗಿದರು, ಒಬ್ಬೊಬ್ಬರಾಗಿ ಮಾವನ ಮಂಡಿಗಳ ನಡುವೆ ಗದ್ದ ಕೊಟ್ಟು ಕೂತರು. ಸಂಜೆ ಅವರು ಸೈಕಲ್ ಹತ್ತಿದಾಗ ಐವರ ಮೈಯಿಂದಲೂ ಕುರಿಯ ವಾಸನೆ ಬರುತ್ತಿತ್ತು. ಅವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಆ ಸಂಜೆಯ ಸಂತೋಷವನ್ನು ಹೇಗೆ ಹೇಳಲಿ! ಆಮೇಲೆ ಪಿಯುಸಿ ಪಾಸಾದದ್ದು, ನೌಕರಿ ಸಿಕ್ಕದ್ದು ಎಲ್ಲ ಅದರ ಮುಂದೆ ಸಪ್ಪೆ.

ಕರಿಯಪ್ಪ ಅವತ್ತೂ ಬಂದಿದ್ದ. ಒಂದು ತಲೆ ಮುಗಿಯುವವರೆಗೂ ಸುಮ್ಮನೆ ನೋಡುತ್ತಾ ನಿಂತವನು ಕೊನೆಗೆ ತಡೆಯಲಾರದೆ, "ಅಲ್ಲೋ ಮೈಲಾರಿ, ನಮ್ಮ ಮೊಮ್ಮಗನೂ ಕುರಿ ಮ್ಯಾಲ ಇಂಥಾವಾ ಮೆಟ್ಲ ಬಿಡತಾನ. ಅದು ತಪ್ಪು, ಇದು ಫ್ಯಾಷನ್ನು ಹೆಂಗಾತು?" ಅಂದ.

ಮಾವ ಕತ್ತರಿ ನಿಲ್ಲಿಸಲಿಲ್ಲ. "ಗೊತ್ತಿಲ್ಲದೋನು ಮಾಡಿದ್ರ ತಪ್ಪು. ಗೊತ್ತಿದ್ದೋನು ಬೇಕಂತ ಮಾಡಿದ್ರ ಫ್ಯಾಷನ್ನು" ಅಂದ.

ಇಷ್ಟು ವರ್ಷ ಪಾಠ ಮಾಡಿದ್ದೇನೆ. ದಪ್ಪದಪ್ಪ ನಿಘಂಟು ತಿರುವಿದ್ದೇನೆ. ಆ ಪದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ಎಲ್ಲೂ ಸಿಕ್ಕಿಲ್ಲ. ಆ ಮಾತಾದ ಮೇಲೆ ಕರಿಯಪ್ಪ ಒಂದು ಕುರಿಯನ್ನು ತಾನೇ ಹಿಡಿದು ತಂದು ಮಾವನ ಮುಂದೆ ಕೆಡವಿ, "ಇದಕ್ಕೂ ಒಂದು ಫ್ಯಾಷನ್ ಮಾಡು, ನೋಡೂಣು" ಅಂದ. ಮಾವ ಆ ಕುರಿಯನ್ನು ಒಂದು ಗೆರೆಯೂ ಉಳಿಯದ ಹಾಗೆ ನುಣ್ಣಗೆ ಕತ್ತರಿಸಿ ಎಬ್ಬಿಸಿ ನಿಲ್ಲಿಸಿದ. ಕೈ ನಡುಗುತ್ತಿದೆಯೇ ಎಂದು ಆಮೇಲೆ ಯಾರೂ ಕೇಳಲಿಲ್ಲ.

ಮಾವ ಈಗಲೂ ಮಾಗಳದಲ್ಲೇ ಇದ್ದಾನೆ, ಈಗಲೂ ಕತ್ತರಿ ಹಿಡಿಯುತ್ತಾನೆ. ನಾನು ಹೋದಾಗಲೆಲ್ಲ ನನ್ನ ತಲೆ ಸವರಿ, "ಏನಲೇ ಅಳಿಯ, ಮೆಟ್ಲ ಬಿಡಾಕ ಜಾಗಾನಾ ಉಳಿಸಿಲ್ಲಲ್ಲ" ಎನ್ನುತ್ತಾನೆ.

ಇಷ್ಟೆಲ್ಲ ನೆನಪಾಗುವ ಹೊತ್ತಿಗೆ ಚಹಾದ ಸಮಯವಾಗಿತ್ತು, ನನ್ನ ಸಿಟ್ಟೂ ಇಳಿದಿತ್ತು. ಸುಜಾತಳ ವಾಕ್ಯದ ಮುಂದೆ ಪೂರಾ ಅಂಕ ಹಾಕಿದೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ನನ್ನದೂ ಒಂದು ವಾಕ್ಯ ಸೇರಿಸಿದೆ: 'ಬಟ್ ಹಿಸ್ ಮಾವ ಈಸ್.' ಆದರೆ ಅವರ ಮಾವ ಫ್ಯಾಷನೆಬಲ್.

ಸೋಮವಾರ ಪತ್ರಿಕೆ ಹಂಚಿದೆ. ಸುಜಾತ ತನ್ನದನ್ನು ತಿರುಗಿಸಿ ತಿರುಗಿಸಿ ನೋಡಿ, ಎದ್ದು ಮೇಜಿನ ಹತ್ತಿರ ಬಂದಳು. ಧೈರ್ಯದ ಹುಡುಗಿ.

"ಸಾರ್, ಇಲ್ಲಿ ನೀವಾ ತಪ್ಪು ಬರದೀರಿ. ಇಂಗ್ಲಿಷಿನ ನಡುವ ಮಾವ ಅಂತ ಹಾಕೀರಿ. ಅಂಕಲ್ ಅಂತ ಬರಬೇಕಲ್ರಿ?"

"ಗೊತ್ತೈತವ್ವ, ಬೇಕಂತಾನ ಹಂಗ ಬರದೀನಿ" ಅಂದೆ. "ಅದು ತಪ್ಪಲ್ಲ, ಫ್ಯಾಷನ್ನು."