ಕೆಂಚಿಯ ಬಾಣಂತನ

ಅಜ್ಜಿಯ ಹೆಬ್ಬೆರಳುಗಳು ಹಿಂದಕ್ಕೆ ಬಾಗುತ್ತಿದ್ದವು. ಬೇರೆಯವರ ಬೆರಳು ನಿಲ್ಲುವ ಕಡೆ ನಿಲ್ಲದೆ ಮಣಿಕಟ್ಟಿನ ಕಡೆಗೆ ಇನ್ನೂ ಒಂದಿಷ್ಟು ಹೋಗುತ್ತಿದ್ದವು. ಅಂಗೈಯ ಗೆರೆಗಳು ಹರಳೆಣ್ಣೆಯಲ್ಲಿ ಸವೆದು ಮಾಯವಾಗಿದ್ದವು. ಸೋಮವಾರಪೇಟೆ ಸಂತೆಯಲ್ಲಿ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಆ ಕೈ ಹಿಡಿದು, ಏನೂ ಕಾಣದೆ ಬಿಟ್ಟುಬಿಟ್ಟನಂತೆ. "ನನ್ನ ಹಣೆಬರಹವೆಲ್ಲ ನಿಮ್ಮ ಬೆನ್ನುಗಳಿಗೆ ಅಂಟ್ಕೊಂಡು ಹೋಯ್ತು ಕಣ್ರವ್ವಾ" ಎಂದು ನಗುತ್ತಿದ್ದಳು.

ನಮ್ಮ ಕಾಫಿ ಎಸ್ಟೇಟಿನ ಸುತ್ತಮುತ್ತ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ತಿಕ್ಕಿ ನೀರು ಹಾಕುವುದು ಅವಳ ಕೆಲಸ; ಊರಿಗೆಲ್ಲ ಅವಳು ಅಜ್ಜಿ. ನಮ್ಮ ಮನೆಯವರು ಅಲ್ಲಿ ಲೆಕ್ಕ ಬರೆಯುವ ರೈಟರ್. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮಾರನೆಯ ವರ್ಷ ನನ್ನ ಚೊಚ್ಚಲ ಹೆರಿಗೆ. ಕಷ್ಟವಾದಾಗ ಇವರು ಎಸ್ಟೇಟಿನ ಸಾಹುಕಾರರ ಕುದುರೆ ಕೆಂಚಿಯನ್ನು ಹತ್ತಿ ಡಾಕ್ಟರನ್ನು ಕರೆಯಲು ಓಡಿಸಿದರು. ಇಳಿಜಾರಿನಲ್ಲಿ ಅದು ಜಾರಿ ಮುಗ್ಗರಿಸಿತು. ಡಾಕ್ಟರು ಬಂದರು. ಮಗು ಉಳಿಯಲಿಲ್ಲ. ನಾನು ಮುಖ ನೋಡುವ ಮೊದಲೇ ಎತ್ತಿಕೊಂಡು ಹೋಗಿದ್ದರು.

ಮೂರನೆಯ ದಿನ ಅಜ್ಜಿ ಎಣ್ಣೆಯ ಗಿಂಡಿ ಹಿಡಿದು ಬಂದಳು. ಯಾರೂ ಹೇಳಿ ಕಳಿಸಿರಲಿಲ್ಲ.

"ಮಗುವೇ ಇಲ್ಲ, ಇನ್ನೆಂಥ ಬಾಣಂತನ?" ಎಂದರು ನಮ್ಮತ್ತೆ.

"ಮಗು ಇಲ್ಲ ಅಂತ ಇವಳ ಸೊಂಟಕ್ಕೆ ಯಾರಾದ್ರೂ ಹೇಳವ್ರಾ? ನೀರು ಕಾಯ್ಸಿ, ಅಮ್ಮ."

ದಿನವೂ ಬಂದಳು. ನಾನು ಅಳಲಿಲ್ಲ, ಮಾತಾಡಲಿಲ್ಲ. ಬಿಸಿನೀರು ಯಾರದೋ ಮೈಮೇಲೆ ಬಿದ್ದ ಹಾಗಿತ್ತು. ಅವಳು ಅಂಗಾಲಿನಿಂದ ಶುರು ಮಾಡಿ, ಸೊಂಟಕ್ಕೆ ಬರುವಷ್ಟರಲ್ಲಿ ಊರಿನ ಸುದ್ದಿಯೆಲ್ಲ ಮುಗಿಸುತ್ತಿದ್ದಳು. ನೋವಿರುವ ಜಾಗಕ್ಕೆ ಮೊದಲು ಕೈ ಹಾಕಬಾರದು ಎನ್ನುವುದು ಅವಳ ಕಟ್ಟುನಿಟ್ಟು. "ಅದು ಕಾಯ್ಕೊಂಡು ಕೂತಿರ್ತದೆ, ಬಿಗಿ ಹಿಡ್ಕಂಬಿಡ್ತದೆ. ದೂರದಿಂದ ಮಾತಾಡಿಸ್ಕೊಂಡು ಬರಬೇಕು."

ಒಂದು ದಿನ ನಾನಾಗಿ ಬಾಯಿಬಿಟ್ಟೆ. "ಕೆಂಚಿಗೆ ಗುಂಡು ಹಾಕ್ತಾರಂತೆ, ಅಜ್ಜೀ. ಭುಜ ಹಿಡ್ಕೊಂಡಿದೆ, ಮುಂಗಾಲು ಊರ್ತಿಲ್ಲ."

"ಮೂಳೆ ಮುರಿದೈತಾ?"

"ಇಲ್ಲ ಅಂದ್ರಂತೆ ದನದ ಡಾಕ್ಟರು."

ನನ್ನ ಹೆರಿಗೆಗೆಂದು ಹೊರಟ ಕುದುರೆ ಅದು. ಅದೂ ಸತ್ತರೆ ನನ್ನ ಲೆಕ್ಕಕ್ಕೆ ಎರಡಾಗುತ್ತಿತ್ತು. ಇದು ಗೊತ್ತಿತ್ತು, ಆದರೆ ಎದೆಯಲ್ಲಿ ಏನೂ ಅಲುಗಲಿಲ್ಲ. ಅಜ್ಜಿ ಮಾತ್ರ ಉಳಿದ ಎಣ್ಣೆ ಎತ್ತಿಕೊಂಡು ನೇರ ಲಾಯಕ್ಕೆ ನಡೆದಳು.

ಕುದುರೆ ನೋಡಿಕೊಳ್ಳುವ ಸಾಬರು ಬಾಗಿಲಲ್ಲೇ ಅಡ್ಡ ನಿಂತರಂತೆ. "ಅರೇ ಅಜ್ಜಿ, ಕುದ್ರೆಗೂ ಬಾಣಂತನಾನಾ?"

"ಹೂಂ ಕಣಪ್ಪ. ನೀನೂ ಒಂದು ಹೆತ್ತು ಬಾ, ನಿಂಗೂ ಮಾಡ್ತೀನಿ."

ನಾಲ್ಕು ದಿನ ಹೀಗೇ ನಡೆಯಿತು. ಕಿವಿಯ ಬುಡದಿಂದ ಹಿಡಿದು ಕತ್ತಿನುದ್ದಕ್ಕೂ ಬೆರಳು ಸರಿಸುತ್ತ ಹೋಗಿ, ಚರ್ಮ ಅದುರಿದ ಕಡೆ ನಿಂತು, ಕೈ ಹಾಗೇ ಇಟ್ಟುಕೊಂಡು ಕಾಯುವುದು. ಕೆಂಚಿ ತುಟಿ ಸಡಿಲಬಿಟ್ಟು ಆಕಳಿಸಿತೆಂದು ಸಾಬರೇ ನಮ್ಮ ಜಗಲಿಗೆ ಬಂದು ಹೇಳಿದರು. ಕುದುರೆ ಆಕಳಿಸುವುದನ್ನು ಅವರು ಅಷ್ಟು ಹತ್ತಿರದಿಂದ ನೋಡಿರಲಿಲ್ಲವಂತೆ. ಗೊರಸಿನ ತುದಿ ನೆಲ ಮುಟ್ಟತೊಡಗಿತ್ತು.

ಐದನೆಯ ದಿನ ಅಜ್ಜಿ ಎಡವಿದಳು. ಎಣ್ಣೆ ತಿಕ್ಕಿದ ಮೇಲೆ ಬಾಣಂತಿಯ ಹೊಟ್ಟೆಗೆ ಹಳೆಯ ಸೀರೆ ಬಿಗಿಯುತ್ತಾರಲ್ಲ, ಹಾಗೇ ಕೆಂಚಿಯ ಹೊಟ್ಟೆಗೂ ಸುತ್ತಿ ಗಂಟು ಹಾಕಿಬಿಟ್ಟಳು. ಕೆಂಚಿ ಬೆದರಿ ಕಂಬಕ್ಕೆ ಅಪ್ಪಳಿಸಿತು. ಭುಜ ಮತ್ತೆ ಕಲ್ಲಾಯಿತು.

ಸಾಹುಕಾರರು ಬಂದು ನೋಡಿದರು. "ಮೂರು ಕಾಲಿನ ಕುದುರೆ ಇಟ್ಕೊಂಡು ನಾನೇನು ಪೂಜೆ ಮಾಡ್ಲಾ? ಭಾನುವಾರದ ತನಕ, ಅಷ್ಟೇ."

ಭಾನುವಾರಕ್ಕೆ ನಾಲ್ಕು ದಿನವಿತ್ತು. ಅಜ್ಜಿ ನಮ್ಮ ಮೆಟ್ಟಿಲ ಮೇಲೆ ಬಂದು ಕೂತಳು. "ಕೈ ತಾನಾಗೇ ಕಟ್ಟಿಬಿಡ್ತು ಕಣವ್ವ. ಅದು ಹೆತ್ತಿಲ್ಲ ಅನ್ನೋದೇ ಮರ್ತೋಯ್ತು." ಹೇಳಿದವಳು ನನ್ನ ಮುಖ ನೋಡಿ, ಸೆರಗಿನಿಂದ ಕೈ ಒರೆಸಿಕೊಂಡಳು.

ಮರುದಿನ ಅವಳನ್ನು ಕಂಡೊಡನೆ ಕೆಂಚಿ ಕಿವಿ ಹಿಂದಕ್ಕೆ ಮಲಗಿಸಿ ಹಲ್ಲು ತೋರಿತು. ಅಜ್ಜಿ ನೇರ ನನ್ನ ಕೋಣೆಗೆ ಬಂದಳು. "ಏಳು. ನನ್ನ ಕೈನ ಅದು ಇನ್ನು ನಂಬಲ್ಲ. ನಿನ್ನ ಕೈ ಬೇಕು."

"ಹಸಿ ಮೈ ಹುಡುಗೀನ ಲಾಯಕ್ಕೆ ಕರ್ಕೊಂಡು ಹೋಗ್ತೀಯೇನೇ!" ಅತ್ತೆ ಕೂಗಿದರು.

"ಕಿವಿಗೆ ಬಟ್ಟೆ ಕಟ್ಟಿದೀನಿ. ಐವತ್ತು ಹೆಜ್ಜೆ. ಗಾಳಿ ಏನು ತಿಂದುಬಿಡ್ತದಾ?"

ಲಾಯದಲ್ಲಿ ನಾನು ನಿಂತೆ. ಅಜ್ಜಿ ಬಾಗಿಲಾಚೆಯಿಂದ ಹೇಳಿಕೊಟ್ಟಳು. "ಒತ್ತಬೇಡ. ಕೂಸಿನ ನೆತ್ತಿ ಮೇಲೆ ಕೈ ಇಟ್ಟಂಗೆ ಇಡು."

"ನಾನು ಕೂಸನ್ನ ಮುಟ್ಟಿಲ್ಲವಲ್ಲ ಅಜ್ಜೀ" ಎಂದೆ.

ಅಜ್ಜಿ ನನ್ನನ್ನು ಹತ್ತಿರ ಕರೆದು, ತನ್ನ ಕಣ್ಣು ಮುಚ್ಚಿ, ನನ್ನ ಬೆರಳನ್ನು ರೆಪ್ಪೆಯ ಮೇಲೆ ಇಟ್ಟುಕೊಂಡಳು. ಒಳಗೆ ಗುಡ್ಡೆ ಮೆಲ್ಲಗೆ ಹೊರಳಿತು. "ಇಷ್ಟೇ ಭಾರ."

ಮೂರು ದಿನ ಅಷ್ಟೇ ಭಾರ ಇಟ್ಟೆ. ನನ್ನ ಕೈಗೆ ಕೆಂಚಿಯಿಂದ ಏನೂ ಬೇಕಿರಲಿಲ್ಲ, ಅದು ವಾಸಿಯಾಗಲೆಂಬ ಆಸೆಯೂ ಇರಲಿಲ್ಲ. ಅದಕ್ಕೇ ಅದು ನನ್ನನ್ನು ಹತ್ತಿರ ಬಿಟ್ಟುಕೊಂಡಿತೇನೋ. ಶನಿವಾರ ಮಧ್ಯಾಹ್ನ ಉದ್ದನೆಯ ಉಸಿರು ಬಿಟ್ಟು, ತಲೆ ತಗ್ಗಿಸಿ, ನಾಲಿಗೆ ಚಪ್ಪರಿಸಿತು.

ಭಾನುವಾರ ಸಾಹುಕಾರರು ಕೋವಿಯೊಂದಿಗೆ ಬಂದರು. ಸಾಬರು ಹಗ್ಗ ಬಿಚ್ಚಿದರು. ಕೆಂಚಿ ಕುಂಟುತ್ತ, ಆದರೆ ನಾಲ್ಕೂ ಕಾಲು ಊರಿ, ಕಣದ ತನಕ ಹೋಗಿ ಹುಲ್ಲಿಗೆ ಬಾಯಿ ಹಾಕಿತು. ಸಾಹುಕಾರರು ಕೋವಿಯನ್ನು ಹೆಗಲಿಗೇರಿಸಿಕೊಂಡು ಹೋದರು. "ಸಂತೋಷ ಆಯ್ತಾ ಮಗಾ?" ಎಂದು ಅಜ್ಜಿ ಕೇಳಿದಳು. ಗೊತ್ತಿಲ್ಲ ಎಂದೆ. "ಆಗ್ಲಿ ಬಿಡು, ಅದೂ ಬರ್ತದೆ. ನಡಿ, ನೀರು ಕಾದೈತೆ."

ಮುಂದಿನ ಪಿಕಿಂಗ್, ಕಾಫಿ ಹಣ್ಣಿನ ಕೊಯ್ಲು, ಮುಗಿಯುವ ಹೊತ್ತಿಗೆ ಅಜ್ಜಿ ಹೋದಳು. ಬೇರೆ ಊರಿಗೆ ಬಾಣಂತನಕ್ಕೆ ಹೋದವಳು ಅಲ್ಲೇ ಜ್ವರದಲ್ಲಿ ತೀರಿಕೊಂಡಳಂತೆ. ಮಣ್ಣು ಮಾಡಿ ಮೂರು ದಿನವಾದ ಮೇಲೆ ಸುದ್ದಿ ಬಂತು. ನಾನು ಕೈಯಲ್ಲಿದ್ದ ಕೆಲಸ ಮುಗಿಸಿ ಲಾಯಕ್ಕೆ ಹೋದೆ. ಕೆಂಚಿಯ ಭುಜದ ಮೇಲೆ ಕೈಯಿಟ್ಟೆ, ಒತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಅದು ತನ್ನ ಭಾರವನ್ನೆಲ್ಲ ನನ್ನ ಕಡೆಗೆ ವಾಲಿಸಿತು. ಬೀಳದಿರಲು ನಾನು ಎರಡೂ ಕಾಲನ್ನು ಗಟ್ಟಿಯಾಗಿ ಊರಬೇಕಾಯಿತು.