ಆಪಾ ಓದಿಸಿದ ಕೆಳಗಿನ ಸಾಲು

ಇನ್ನೂರು ರೂಪಾಯಿ ಕೊಟ್ಟೆ. ಸಕಲೇಶಪುರದ ಗುಜರಿ ಅಂಗಡಿಯವನು ಹೇಳಿದ್ದೂ ಇನ್ನೂರೇ. ಕಾಳುಮೆಣಸಿನ ವ್ಯಾಪಾರದಲ್ಲಿ ಕೂದಲು ನರೆಸಿಕೊಂಡ ನಾನು ಚೌಕಾಶಿ ಮಾಡದೆ ತಂದ ವಸ್ತು ಅದೊಂದೇ: ಹಳೆಯ ರೆಹಾಲು, ಕುರ್‌ಆನ್ ಇಟ್ಟು ಓದುವ, ಮಡಚುವ ಮರದ ಪೀಠ. ಒಂದು ಮೂಲೆ ಮುರಿದಿದೆ. ಚಿಕ್ಕಂದಿನಲ್ಲಿ ನನಗೆ ಓದಿಸಿದ, ಬೀದಿಯವರೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದವರ ರೆಹಾಲೂ ಮುರಿದಿತ್ತು... ಯಾವ ಮೂಲೆ ಎಂಬುದು ಮಾತ್ರ ನೆನಪಾಗುತ್ತಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಬೆಳಿಗ್ಗೆ ಆಪಾ ನಮ್ಮ ಬೀದಿಯ ಹುಡುಗಿಯರಿಗೆ ಓದಿಸುತ್ತಿದ್ದರು. ಆಮೇಲೆ ಅವರೂ ನಾನೂ ಕಾಫಿ ಸ್ಟೋರಿನಲ್ಲಿ ಬೀಜ ಆರಿಸಲು ಕೂರುತ್ತಿದ್ದೆವು. ಕುರ್‌ಆನ್ ಓದಿಸುವ ಬೇರೆಯವರು ಅರಬಿಯನ್ನು ಬಾಯಿಪಾಠ ಮಾಡಿಸಿ ಕೈತೊಳೆದುಕೊಳ್ಳುತ್ತಿದ್ದರು. ಆಪಾ ಅದರ ಕೆಳಗೆ ಅಚ್ಚಾಗಿದ್ದ ಉರ್ದು ಅರ್ಥವನ್ನೂ ಬಿಡುತ್ತಿರಲಿಲ್ಲ. ಗಂಡಸಿನ ದುಡಿಮೆಯಲ್ಲಿ ಅವನಿಗೆ ಪಾಲಿರುವ ಹಾಗೆ ಹೆಂಗಸಿನ ದುಡಿಮೆಯಲ್ಲಿ ಅವಳಿಗೂ ಪಾಲಿದೆ ಎಂಬ ಸಾಲನ್ನು ನನ್ನಿಂದ ಮೂರು ಸಲ ಓದಿಸಿದ್ದರು.

ಸ್ಟೋರಿನಲ್ಲಿ ನಮ್ಮ ಹೆಂಗಸರ ಬಟವಾಡೆ ಮನೆಯ ಗಂಡಸರ ಕೈಗೇ ಹೋಗುತ್ತಿತ್ತು. ನನ್ನದು ಅಣ್ಣನಿಗೆ, ವಿಧವೆಯಾದ ಆಪಾ ಅವರದು ಮೈದುನನಿಗೆ. ಒಂದು ಶನಿವಾರ ಆಪಾ, ಲೆಕ್ಕ ಬರೆದು ಕೂಲಿ ಕೊಡುವ ರೈಟರ ಮೇಜಿನ ಮುಂದೆ ಕೈಚಾಚಿ ನಿಂತರು.

"ನಮ್ದು ನಮ್ ಕೈಗೇ ಕೊಡಿ ರೈಟ್ರೇ."

"ಗಂಡಸ್ರೇ ಯಜಮಾನ್ರು ಅಂತ ನಿಮ್ ಕಿತಾಬಲ್ಲೇ ಐತಂತೆ ಕಣಮ್ಮ! ನಿನ್ ಮೈದ್ನನೇ ಹೇಳ್ದ."

"ಐತೆ, ಸಾಕೋ ಭಾರ ಅವರ ಮೇಲೈತೆ ಅಂತ. ಅಲ್ಲಿಂದ ಎರಡೇ ವಾಕ್ಯ ಹಿಂದಕ್ಕೋಗಿ ಓದ್ಲಿ, ನಮ್ ಪಾಲೂ ಐತೆ. ಇವಳನ್ನೇ ಕೇಳಿ, ಓದವ್ಳೆ."

ರೈಟರು ನನ್ನತ್ತ ತಿರುಗಿದರು. "ಏನವ್ವಾ, ಹೌದಾ?"

ಬಾಗಿಲಲ್ಲಿ ಅಣ್ಣ ನಿಂತಿದ್ದ. "ನಂಗೆ ಮೇಲಿನ ಅರಬಿ ಸಾಲಷ್ಟೇ ಬರೋದು, ಕೆಳಗಿನ ಅರ್ಥ ಬರಲ್ಲ" ಅಂದುಬಿಟ್ಟೆ.

ಆಪಾ ಬೈಯಲಿಲ್ಲ. "ಚೆನ್ನಾಗಿ ಓದ್ತಿದ್ದೆ ಕಣೇ ನೀನು" ಎಂದರು, ಅಷ್ಟೇ. ಮರುವಾರ ಅವರಿಗೆ ಸ್ಟೋರಿನಲ್ಲಿ ಕೆಲಸವಿರಲಿಲ್ಲ. ಬೀದಿಯವರು ಹೆಣ್ಣುಮಕ್ಕಳನ್ನು ಓದಲು ಕಳಿಸುವುದನ್ನೂ ನಿಲ್ಲಿಸಿದರು. ಆಪಾ ಬಾಳ್ಳುಪೇಟೆಯ ತಂಗಿಯ ಮನೆ ಸೇರಿದರು.

ಎರಡು ವರ್ಷ ಕಳೆದ ಮೇಲೆ ನಾನೂ ಅದೇ ಮೇಜಿನ ಮುಂದೆ ಕೈಚಾಚಿ ನನ್ನ ಕೂಲಿ ಪಡೆದೆ. ಅಣ್ಣ ಆರು ತಿಂಗಳು ಮಾತು ಬಿಟ್ಟ. ಆ ಕೂಲಿಯನ್ನೇ ಕೂಡಿಟ್ಟು ಮೊದಲ ಮೂಟೆ ಮೆಣಸು ಕೊಂಡೆ. ಅದನ್ನು ಹೇಳೋಣವೆಂದು ಬಾಳ್ಳುಪೇಟೆಗೆ ಹೋದರೆ... ಆಪಾ ತೀರಿಕೊಂಡು ತಿಂಗಳಾಗಿತ್ತು.

ರೆಹಾಲನ್ನು ಕಪಾಟಿನ ಮೇಲಿಟ್ಟೆ, ಕಿಟಕಿಗೆ ತಂದೆ, ಮತ್ತೆ ಕಪಾಟಿಗೆ. ಎಲ್ಲಿಟ್ಟರೂ ನನ್ನನ್ನೇ ನೋಡಿದಂತಿದೆ.

ದುಡಿಯುವ ಹೆಣ್ಣುಮಕ್ಕಳಿಗೆ ನನ್ನ ಮಾತಿಷ್ಟು. ಸಂಬಳಕ್ಕೆ ನಿಮ್ಮ ಕೈಯನ್ನೇ ಚಾಚಿ. ಧರ್ಮದ ಮಾತು ತಂದು ಅಡ್ಡ ಹಾಕಿದರೆ ಹಿಂದಿನ ಎರಡು ವಾಕ್ಯವನ್ನೂ ತೋರಿಸಿ ಅನ್ನಿ. ನಿಮ್ಮ ಪರವಾಗಿ ಒಬ್ಬರು ಎದ್ದು ನಿಂತಾಗ, ಬಾಗಿಲಲ್ಲಿ ಯಾರಿದ್ದಾರೆಂದು ನೋಡಬೇಡಿ. ಮೊದಲು ಹೌದು ಅನ್ನಿ.